ಎರಡು ಎಲುಬುಗಳ ಮೇಲಿನ ಸವಾರಿ

ಬೈಕಿನ ಸೀಟನ್ನು ಶೋರೂಮಿನಲ್ಲಿ ಪರೀಕ್ಷಿಸುವ ಕ್ರಮ ಎಲ್ಲ ಊರಿನಲ್ಲೂ ಒಂದೇ. ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡುವುದು, ಹತ್ತಿ ಕುಳಿತು ಎರಡು ಸಲ ಕುಪ್ಪಳಿಸುವುದು, 'ಒಳ್ಳೆ ಮೆತ್ತಗೆ ಉಂಟು' ಎಂದು ಇಳಿಯುವುದು. ಅಷ್ಟು ಹೊತ್ತಿನಲ್ಲಿ ನೋಯಿಸುವ ಸೀಟು ಪ್ರಪಂಚದಲ್ಲೇ ಇಲ್ಲ. ಅದೇ ಸೀಟಿನ ಮೇಲೆ ಮೂಡುಬಿದಿರೆಯಿಂದ ಹೊರಟವರು ವೇಣೂರು, ಗುರುವಾಯನಕೆರೆ ದಾಟಿ ಬೆಳ್ತಂಗಡಿ ತಲಪುವ ಹೊತ್ತಿಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲತೊಡಗುತ್ತಾರೆ. ಅಲ್ಲಿಂದ ಮಡಂತ್ಯಾರು, ಪುಂಜಾಲಕಟ್ಟೆ ಮಾರ್ಗವಾಗಿ ಬಂಟ್ವಾಳದ ಬಿ.ಸಿ.ರೋಡಿಗೆ ಬರುವಾಗ ಸೊಂಟ ಎತ್ತುವುದು, ಟ್ಯಾಂಕಿನ ಕಡೆ ಸರಿಯುವುದು, ಮತ್ತೆ ಹಿಂದಕ್ಕೆ ಜರಗುವುದು ನಡೆದೇ ಇರುತ್ತದೆ. ಸಿದ್ಧಕಟ್ಟೆಯ ದಾರಿ ಹಿಡಿದು ಮೂಡುಬಿದಿರೆಗೆ ಮರಳಿದರೆ ಈ ತ್ರಿಕೋನದ ಸುತ್ತು ನೂರು ಕಿಲೋಮೀಟರಿನ ಆಸುಪಾಸು. ಘಾಟಿ ಹತ್ತಿ ಬೆಂಗಳೂರಿಗೆ ಹೋಗುವ ದೂರದಲ್ಲಿ ಇದು ಮೂರನೆಯ ಒಂದು ಪಾಲಿನಷ್ಟು ಮಾತ್ರ.

ನೋವಿಗೆ ಮದ್ದೆಂದು ಕುಶನ್ ಅಂಗಡಿಯಲ್ಲಿ ಇನ್ನೊಂದು ಪದರ ಮೆದು ಫೋಮು ಹಾಕಿಸಿಕೊಂಡವರ ಅನುಭವ ಇನ್ನೂ ವಿಚಿತ್ರ. ಮೊದಲ ಅರ್ಧ ಗಂಟೆ ಸ್ವರ್ಗ, ಆಮೇಲೆ ಮೊದಲಿಗಿಂತ ಹೆಚ್ಚು ನೋವು. ಹಳೆಯ ಬುಲೆಟ್ಟಿನ ಗಟ್ಟಿ ಸೀಟಿನಲ್ಲಿ ಕುಳಿತವರು ಅದೇ ದಾರಿಯನ್ನು ಹೆಚ್ಚು ಗೊಣಗಾಟವಿಲ್ಲದೆ ಮುಗಿಸುವುದೂ ಉಂಟು. ಮೆತ್ತಗಿರುವುದೇ ಸುಖವಾಗಿದ್ದರೆ ಹೀಗೆ ಆಗಬಾರದಿತ್ತು.

ಕೂರುವುದು ಯಾವುದರ ಮೇಲೆ?

ಗಟ್ಟಿ ಬೆಂಚಿನ ಮೇಲೆ ಕುಳಿತು ಅಂಗೈಯನ್ನು ಪಿರ್ರೆಯ ಕೆಳಗೆ ತೂರಿಸಿದರೆ ಉತ್ತರ ಕೈಗೇ ಸಿಗುತ್ತದೆ. ಎಡಕ್ಕೊಂದು ಬಲಕ್ಕೊಂದು ಎಲುಬಿನ ಗುಬುಟು ಅಂಗೈಯನ್ನು ಚುಚ್ಚುತ್ತದೆ. ಸೊಂಟದ ಎಲುಬುಗೂಡಿನ ತಳದಲ್ಲಿರುವ ಈ ಎರಡು ಉಬ್ಬುಗಳನ್ನು ವೈದ್ಯಶಾಸ್ತ್ರ ಇಶ್ಚಿಯಲ್ ಟ್ಯುಬೆರಾಸಿಟಿ ಎನ್ನುತ್ತದೆ. ಇಲ್ಲಿ ಅವನ್ನು ಕೂರೆಲುಬು ಎಂದು ಕರೆದರೆ ಸಾಕು. ನಡುವಿನಿಂದ ನಡುವಿಗೆ ಅಳೆದರೆ ಇವುಗಳ ಅಂತರ ಬಹುಪಾಲು ಜನರಲ್ಲಿ 10ರಿಂದ 14 ಸೆಂಟಿಮೀಟರ್. ಹೆಂಗಸರಲ್ಲಿ ಸರಾಸರಿ ತುಸು ಹೆಚ್ಚು.

ಪಿರ್ರೆಯಲ್ಲಿ ಬೇಕಾದಷ್ಟು ಮಾಂಸವಿರುವಾಗ ಎಲುಬು ಏಕೆ ಚುಚ್ಚಬೇಕು? ನಿಂತಾಗ ಕೂರೆಲುಬನ್ನು ದಪ್ಪ ಸ್ನಾಯು ಮುಚ್ಚಿರುತ್ತದೆ. ಕುಳಿತುಕೊಳ್ಳಲು ತೊಡೆಯನ್ನು ಮಡಚಿದ ಕೂಡಲೇ ಆ ಸ್ನಾಯು ಪರದೆಯಂತೆ ಪಕ್ಕಕ್ಕೆ ಸರಿದುಬಿಡುತ್ತದೆ. ಎಲುಬಿಗೂ ಸೀಟಿಗೂ ನಡುವೆ ಉಳಿಯುವುದು ಚರ್ಮ ಮತ್ತು ಒಂದಿಷ್ಟು ಕೊಬ್ಬು. ಮೈತುಂಬಿದವರಿಗೂ ಸೀಟು ನೋಯಿಸುವುದು ಇದರಿಂದಲೇ. ತೂಕ ಹೆಚ್ಚಿದ್ದರೆ ಒತ್ತುವ ಭಾರವೂ ಹೆಚ್ಚು, ಮೆತ್ತೆ ಮಾತ್ರ ಅಷ್ಟೇ.

ಬಿ.ಪಿ. ಪಟ್ಟಿ ಕಟ್ಟಿದ ಹಾಗೆ

ರಕ್ತದೊತ್ತಡ ನೋಡುವಾಗ ದಾದಿ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುತ್ತಾರೆ. ಪಟ್ಟಿ ಬಿಗಿದಂತೆ ಕೈ ಜೋಮು ಹಿಡಿಯುತ್ತದೆ, ಬೆರಳು ಭಾರವಾಗುತ್ತದೆ. ಗಾಳಿ ಬಿಟ್ಟೊಡನೆ ಜೀವ ಬಂದಂತಾಗುತ್ತದೆ. 120/80 ಎಂದು ಚೀಟಿಯಲ್ಲಿ ಬರೆಯುವ ಸಂಖ್ಯೆ ದೊಡ್ಡ ರಕ್ತನಾಳದ್ದು, ಪಾದರಸದ ಮಿಲಿಮೀಟರಿನಲ್ಲಿ ಅಳೆದದ್ದು. ಚರ್ಮದ ಕೆಳಗೆ ಕೂದಲಿಗಿಂತ ಸಣ್ಣಗೆ ಹರಡಿರುವ ಲೋಮನಾಳಗಳಲ್ಲಿ ಒತ್ತಡ ಇನ್ನೂ ಬಹಳ ಕಡಿಮೆ. 1930ರಲ್ಲಿ ಯೂಜೀನ್ ಲ್ಯಾಂಡಿಸ್ ಎಂಬ ಅಮೆರಿಕದ ವಿಜ್ಞಾನಿ ಉಗುರಿನ ಬುಡದ ಲೋಮನಾಳಕ್ಕೆ ಅತಿಸಣ್ಣ ಗಾಜಿನ ನಳಿಗೆ ಚುಚ್ಚಿ ಅಳೆದಾಗ, ರಕ್ತ ಒಳಬರುವ ತುದಿಯಲ್ಲಿ ಸರಾಸರಿ ಸಿಕ್ಕಿದ್ದು 32 ಮಿಲಿಮೀಟರ್. ಹೊರಗಿನಿಂದ ಅದಕ್ಕಿಂತ ಹೆಚ್ಚು ಅದುಮಿದರೆ ಆ ನಾಳ ಚಪ್ಪಟೆಯಾಗುವ ಸಂಭವ ಶುರುವಾಗುತ್ತದೆ.

ಈಗ ಒಂದು ಒರಟು ಲೆಕ್ಕ. 70 ಕಿಲೋ ತೂಕದ ಸವಾರರಲ್ಲಿ ಕೈ ಮತ್ತು ಕಾಲಿನ ಪಾಲು ಕಳೆದು 50 ಕಿಲೋ ಸೀಟಿನ ಮೇಲೆ ಬೀಳುತ್ತದೆ ಎನ್ನೋಣ. ಆ ಭಾರ ಎರಡು ಕೂರೆಲುಬುಗಳ ಸುತ್ತ ಒಟ್ಟು ನೂರು ಚದರ ಸೆಂಟಿಮೀಟರಿನಲ್ಲಿ, ಅಂದರೆ ಒಂದು ಅಂಗೈಯಷ್ಟು ಜಾಗದಲ್ಲಿ ಕೂತರೆ ಒತ್ತಡ 370 ಮಿಲಿಮೀಟರಿನ ಹತ್ತಿರ. ಸಾವಿರ ಚದರ ಸೆಂಟಿಮೀಟರಿನಲ್ಲಿ ಹರಡಿದರೆ 37. ಭಾರ ಅದೇ, ಜಾಗ ಹತ್ತು ಪಟ್ಟಾಯಿತು, ಅದುಮುವಿಕೆ ಹತ್ತರಲ್ಲೊಂದಾಯಿತು.

ಜಾಗ ಹೆಚ್ಚಿಸಿ ಭಾರವನ್ನು ಸಾಧುಮಾಡುವ ಈ ಉಪಾಯ ಈ ಸೀಮೆಗೆ ಹೊಸದಲ್ಲ. ಮುರಕಲ್ಲು ಹೊರುವವರು ತಲೆಯ ಮೇಲೆ ಬೈರಾಸಿನ ಸಿಂಬೆ ಇಡುವುದು ಕಲ್ಲಿನ ತೂಕ ಇಳಿಸಲಿಕ್ಕಲ್ಲ, ತಾಗುವ ಜಾಗ ಹಿಗ್ಗಿಸಲಿಕ್ಕೆ. ಕಾರ್ಕಳದಲ್ಲಿ ಶಿಲ್ಪಿ ರೆಂಜಾಳ ಗೋಪಾಲ ಶೆಣೈ ಕಡೆದ 39 ಅಡಿ ಎತ್ತರದ ಬಾಹುಬಲಿಯನ್ನು 1973ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳಕ್ಕೆ ತಂದದ್ದು ಸಾಲುಸಾಲು ಗಾಲಿಗಳ ಟ್ರಾಲಿಯ ಮೇಲೆ. ಅಷ್ಟು ಗಾಲಿಗಳಿಲ್ಲದಿದ್ದರೆ ಏಕಶಿಲೆಯ ಆ ಭಾರಕ್ಕೆ ರಸ್ತೆಯೂ ಮೋರಿಯೂ ಕುಸಿಯುತ್ತಿದ್ದವು. ಒಳ್ಳೆಯ ಸೀಟು ಮಾಡುವ ಕೆಲಸವೂ ಅದೇ. ಎರಡು ಎಲುಬಿನ ತುದಿಗಳಲ್ಲಿ ನಿಂತ ಭಾರವನ್ನು ಇಡೀ ಪಿರ್ರೆಗೆ, ತೊಡೆಯ ಹಿಂಬದಿಗೆ ಹಂಚುವುದು.

ಒತ್ತಡದ ಜೊತೆ ಇನ್ನೊಂದು ಅಂಶ ಸೇರದೆ ನೋವಾಗುವುದಿಲ್ಲ. ಅದು ಹೊತ್ತು. ಹಾಸಿಗೆ ಹಿಡಿದವರಿಗೆ ಆಗುವ ಒತ್ತುಹುಣ್ಣಿನ ಮೇಲೆ ಮೈಕೇಲ್ ಕೋಸಿಯಾಕ್ 1959ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಖಚಿತಪಡಿಸಿತು. ಹೆಚ್ಚು ಒತ್ತಡವನ್ನು ದೇಹ ಸ್ವಲ್ಪ ಹೊತ್ತು ತಾಳುತ್ತದೆ, ಕಡಿಮೆ ಒತ್ತಡವನ್ನು ಬಹಳ ಹೊತ್ತು. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ರೂಪಿಸಿದ ಅಡಿಕೆ ಮರ ಏರುವ ಯಂತ್ರ 2019ರಲ್ಲಿ ದೇಶವಿಡೀ ಸುದ್ದಿಯಾಯಿತು. ಪೆಟ್ರೋಲ್ ಎಂಜಿನ್ನಿನ ಆ 'ಮರ ಬೈಕಿ'ಗೂ ಸೀಟುಂಟು, ಆದರೆ ಒಂದು ಮರ ಹತ್ತುವ ಅಷ್ಟು ಸ್ವಲ್ಪ ಹೊತ್ತಿಗೆ ಅದು ಸೋಫಾ ಆಗಬೇಕಿಲ್ಲ. ರಸ್ತೆಯ ಬೈಕಿನ ಲೆಕ್ಕ ಬೇರೆ. ಅಲ್ಲಿ ಎಂಜಿನ್ ಓಡುತ್ತದೆ, ಗಾಲಿ ಉರುಳುತ್ತದೆ, ಸವಾರ ಮಾತ್ರ ಕುಳಿತಲ್ಲೇ ಕಲ್ಲು. ರಕ್ತ ಸಿಗದ ಜಾಗದಿಂದ ಮಿದುಳಿಗೆ ದೂರು ಹೋಗುತ್ತದೆ. ಮೊದಲು ಕಸಿವಿಸಿ, ಬಳಿಕ ಉರಿ, ಕೊನೆಗೆ ಜೋಮು. ಮನೆಯ ಕುರ್ಚಿಯಲ್ಲಿ ಆ ದೂರು ಬಂದಾಗ ಮನುಷ್ಯ ಗೊತ್ತೇ ಆಗದಂತೆ ಮಗ್ಗುಲು ಬದಲಿಸುತ್ತಾನೆ. ಬೈಕಿನಲ್ಲಿ ಕಾಲು ಒಂದು ಕಡೆ, ಕೈ ಒಂದು ಕಡೆ ಕಟ್ಟಿಹಾಕಿದಂತೆ ಇರುವುದರಿಂದ ಆ ಅವಕಾಶ ಕಡಿಮೆ.

ಕಿಕ್ಕಿರಿದ ಎಕ್ಸ್‌ಪ್ರೆಸ್ ಬಸ್ಸು

ಇನ್ನು ಮೆದು ಫೋಮಿನ ದ್ರೋಹಕ್ಕೆ ಬರಬಹುದು. ಫೋಮು ಎಂದರೆ ಲಕ್ಷಾಂತರ ಸಣ್ಣ ಗೂಡುಗಳ ಜಾಲ. ಗೂಡಿನ ಗೋಡೆ ತೆಳ್ಳಗಿನ ಪ್ಲಾಸ್ಟಿಕ್ಕು, ಒಳಗಿರುವುದು ಗಾಳಿ. ಅದರ ಮೇಲೆ ಭಾರ ಬಿದ್ದಾಗ ನಡೆಯುವುದನ್ನು ನೋಡಲು ಮಂಗಳೂರಿನಿಂದ ಸಂಜೆ ಹೊರಡುವ ಖಾಸಗಿ ಎಕ್ಸ್‌ಪ್ರೆಸ್ ಬಸ್ಸು ಹತ್ತಬೇಕು. ಮೊದಲು ಹತ್ತಿದವರು ಆರಾಮವಾಗಿ ನಿಲ್ಲುತ್ತಾರೆ. ಆಮೇಲೆ ಕಂಡಕ್ಟರು 'ಒಳಗೆ ಹೋಗಿ, ಒಳಗೆ ಹೋಗಿ' ಎಂದು ಕೂಗಿದಷ್ಟೂ ಜನ ಒತ್ತೊತ್ತಾಗಿ ಸರಿಯುತ್ತಾರೆ. ನಡುವೆ ಸಂದು ಇರುವ ತನಕ ಇನ್ನೊಬ್ಬರಿಗೆ ಜಾಗ ಸಿಕ್ಕುತ್ತಲೇ ಇರುತ್ತದೆ. ಒಂದು ಹಂತದಲ್ಲಿ ಸಂದು ಮುಗಿಯುತ್ತದೆ. ಆಗ ಬಸ್ಸಿನ ಜನವೆಲ್ಲ ಸೇರಿ ಒಂದೇ ಗಟ್ಟಿ ಮುದ್ದೆ. ಹಿಂದಿನ ಬಾಗಿಲಲ್ಲಿ ತಳ್ಳಿದ್ದು ಮುಂದಿನ ಬಾಗಿಲಲ್ಲಿ ನಿಂತವರ ಬೆನ್ನಿಗೆ ತಾಗುತ್ತದೆ.

ಫೋಮಿಗೂ ಇದೇ ಮೂರು ಹಂತ. ಮೊದಲು ಗೂಡಿನ ಗೋಡೆಗಳು ತುಸು ಬಾಗಿ ಸ್ಪ್ರಿಂಗಿನಂತೆ ತಡೆಯುತ್ತವೆ. ಬಳಿಕ ಗೂಡುಗಳು ಒಂದೊಂದಾಗಿ ಮಡಚಿಕೊಳ್ಳುತ್ತ, ಹೆಚ್ಚು ಪ್ರತಿರೋಧವಿಲ್ಲದೆ ದೇಹವನ್ನು ಒಳಗೆ ಬರಮಾಡಿಕೊಳ್ಳುತ್ತವೆ. ಸುಖ ಇರುವುದು ಈ ನಡುವಿನ ಹಂತದಲ್ಲಿ. ಗೂಡೆಲ್ಲ ಮಡಚಿ ಮುಗಿದಾಗ ಗೋಡೆಗೆ ಗೋಡೆ ತಾಗಿ ಫೋಮು ಫೋಮಾಗಿ ಉಳಿಯದೆ ಪ್ಲಾಸ್ಟಿಕ್ಕಿನ ಹಲಗೆಯಾಗುತ್ತದೆ. ಇದನ್ನು ತಳಮುಟ್ಟುವಿಕೆ ಎನ್ನಬಹುದು.

ತಳ ಮುಟ್ಟುವುದು ಮೊದಲು ಕೂರೆಲುಬಿನ ಕೆಳಗೆ, ಏಕೆಂದರೆ ಭಾರ ಹೆಚ್ಚು ಇರುವುದು ಅಲ್ಲೇ. ಸುತ್ತಲಿನ ಫೋಮು ಇನ್ನೂ ಮೆತ್ತಗೆ ಉಬ್ಬಿಕೊಂಡಿದ್ದರೂ ಮೆದುವಾದ್ದರಿಂದ ಭಾರದಲ್ಲಿ ಪಾಲು ಹೊರುವುದಿಲ್ಲ. ಬದಲಾಗಿ ಎರಡು ಎಲುಬುಗಳ ನಡುವೆ, ನರಗಳು ಹಾದುಹೋಗುವ ಸೂಕ್ಷ್ಮ ಜಾಗಕ್ಕೆ ಕೆಳಗಿನಿಂದ ಒತ್ತಿಕೊಳ್ಳುತ್ತದೆ. ಜೋಮು ಹಿಡಿಯುವುದು ಹೀಗೆ. ಹೊರನೋಟಕ್ಕೆ ದಿಂಬು, ಒಳಗೆ ಹಲಗೆ. ಇನ್ನೊಂದು ಪದರ ಮೆದು ಫೋಮು ಹಾಕಿಸಿದಾಗ ಎರಡು ಪದರವೂ ತಳ ಮುಟ್ಟಲು ಇಪ್ಪತ್ತು ನಿಮಿಷದ ಬದಲು ಮೂವತ್ತು ನಿಮಿಷ ಹಿಡಿಯಬಹುದು, ಅಷ್ಟೇ ಲಾಭ. ಸಮಯ ಹಿಡಿಯುವುದೇಕೆಂದರೆ ಫೋಮು ಒಮ್ಮೆಲೇ ಸೋಲುವುದಿಲ್ಲ. ಗಾಳಿ ಮೆಲ್ಲಗೆ ಹೊರಹೋಗುತ್ತ, ಮೈಶಾಖಕ್ಕೂ ಬಿಸಿಲಿಗೂ ಗೋಡೆ ಮೆದುವಾಗುತ್ತ, ರಸ್ತೆಯ ಕುಲುಕಾಟ ಕುಟ್ಟುತ್ತ ಕುಟ್ಟುತ್ತ ಅದು ಇಳಿಯುತ್ತದೆ. ಶೋರೂಮಿನ ಎರಡು ನಿಮಿಷದಲ್ಲಿ ಇದು ಬಯಲಾಗುವುದಿಲ್ಲ.

ಗಟ್ಟಿ ಫೋಮು ಗೆಲ್ಲುವುದು ಈ ನಡುಹಂತವನ್ನು ಉಳಿಸಿಕೊಂಡು. ಅದು ಎಲುಬನ್ನು ಎರಡು ಮೂರು ಸೆಂಟಿಮೀಟರ್ ಒಳಗೆ ಬಿಟ್ಟು, ಅಷ್ಟರಲ್ಲಿ ತೊಡೆಯ ಕೆಳಗಿನ ಭಾಗವನ್ನೂ ಕೆಲಸಕ್ಕೆ ಎಳೆದು, ತಳ ಮುಟ್ಟುವ ಮೊದಲೇ ನಿಲ್ಲಿಸುತ್ತದೆ. ಹಾಗೆಂದು ಕಲ್ಲಿನಷ್ಟು ಗಟ್ಟಿಯಾದರೆ ಎಲುಬು ಒಳಗೇ ಇಳಿಯದೆ ಮೊದಲ ಹಂತದಲ್ಲೇ ನೋವು. 55 ಕಿಲೋದವರಿಗೆ ಹದವಾದದ್ದು 90 ಕಿಲೋದವರಿಗೆ ತಳ ಮುಟ್ಟುತ್ತದೆ. ಆದ್ದರಿಂದ 'ಒಳ್ಳೆಯ ಸೀಟು' ಯಾವುದು ಎಂದು ಗೆಳೆಯರನ್ನು ಕೇಳಿ ಪ್ರಯೋಜನ ಕಡಿಮೆ, ಗೆಳೆಯರ ತೂಕವೂ ಅಷ್ಟೇ ಆಗಿದ್ದರೆ ಹೊರತು.

ರಬ್ಬರ್ ಹಾಲಿನಿಂದ ಪ್ಲಾಸ್ಟಿಕ್ಕಿಗೆ

ಆರಂಭದ ಮೋಟಾರ್‌ಸೈಕಲ್ಲುಗಳಿಗೆ ಹಿಂಗಾಲಿಯ ಬಳಿ ಸ್ಪ್ರಿಂಗೇ ಇರಲಿಲ್ಲ. ರಸ್ತೆಯ ಪೆಟ್ಟು ತಡೆಯುವ ಹೊಣೆ ಇಡಿಯಾಗಿ ಸೀಟಿನದು. ಸೈಕಲ್ಲಿನ ಸೀಟಿನ ಹಾಗೆ ಅಗಲ ಚರ್ಮ, ಅದರಡಿ ಎರಡು ದಪ್ಪ ಸುರುಳಿ ಸ್ಪ್ರಿಂಗು. ರಾಯಲ್ ಎನ್‌ಫೀಲ್ಡ್ ಬುಲೆಟ್ 1949ರಲ್ಲಿ ಹಿಂಬದಿಗೆ ತೂಗುತೋಳು ಮತ್ತು ಆಘಾತ ತಡೆಯುವ ಕಂಬಗಳನ್ನು ಪಡೆಯಿತು. ಅಲ್ಲಿಂದಾಚೆ ಇಂಥ ಬೈಕುಗಳಲ್ಲಿ ಸೀಟು ಸ್ಪ್ರಿಂಗಿನ ಕೆಲಸದಿಂದ ಬಿಡುಗಡೆಯಾಗುತ್ತ ಬಂದು, ಇಬ್ಬರು ಕೂರುವ ಉದ್ದನೆಯ ಮೆತ್ತೆಯಾಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದಲ್ಲಿ ಜಾವಾ, 1973ರಿಂದ ಯೆಜ್ದಿ ಹೊರಬಂದು ಕರ್ನಾಟಕದ ರಸ್ತೆ ತುಂಬಿದಾಗ ಕನ್ನಡಿಗರು ಕಂಡದ್ದು ಈ ಉದ್ದ, ಚಪ್ಪಟೆ ಸೀಟನ್ನು. ಆ ಚಪ್ಪಟೆ ಸೀಟಿನ ಗುಣವನ್ನು ಈಗಿನ ವಿನ್ಯಾಸಕಾರರು ಮರೆತಿದ್ದಾರೆ ಎನ್ನದೆ ವಿಧಿಯಿಲ್ಲ. ಅದರ ಮೇಲೆ ಹಿಂದೆ ಮುಂದೆ ಸರಿದು ಕೂರಲು ಜಾಗವಿತ್ತು. ಈಗಿನ ಹಲವು ಬೈಕುಗಳ ಮೆಟ್ಟಿಲು ಸೀಟು ಸವಾರರನ್ನು ಒಂದೇ ಗುಳಿಯಲ್ಲಿ ನೆಟ್ಟುಬಿಡುತ್ತದೆ. ಫೋಟೊದಲ್ಲಿ ಚೆಂದ.

ಒಳಗಿನ ಮೆತ್ತೆಯ ಕಥೆಗೆ ಬೆಳ್ತಂಗಡಿಯ ರಬ್ಬರ್ ತೋಟಗಳ ನಂಟುಂಟು. ಮರದಿಂದ ಚಿಪ್ಪಿಗೆ ಇಳಿಯುವ ರಬ್ಬರ್ ಹಾಲನ್ನು ಮೊಟ್ಟೆಯ ಬಿಳಿ ಕಡೆದಂತೆ ನೊರೆಯಾಗುವ ತನಕ ಕಡೆದು, ಅಚ್ಚಿಗೆ ಸುರಿದು ಬೇಯಿಸುವ ಕ್ರಮವನ್ನು ಡನ್‌ಲಪ್ ಕಂಪನಿ ರೂಪಿಸಿದ್ದು 1929ರಲ್ಲಿ. ಇಂದಿಗೂ ಹಳಬರ ಬಾಯಲ್ಲಿ ಯಾವ ಮೆತ್ತೆಯೂ 'ಡನ್‌ಲಪ್ ಹಾಸಿಗೆ'ಯೇ. ರಬ್ಬರ್ ನೊರೆ ಪುಟಿಯುವ ಗುಣದಲ್ಲಿ ಬಹಳ ಒಳ್ಳೆಯದು, ಆದರೆ ಭಾರ ಮತ್ತು ದುಬಾರಿ. ಜರ್ಮನಿಯ ಒಟ್ಟೊ ಬೇಯರ್ 1937ರಲ್ಲಿ ಕಂಡುಹಿಡಿದ ಪಾಲಿಯುರೇಥೇನ್ ಎಂಬ ಕೃತಕ ವಸ್ತುವಿನ ಮೆದು ಫೋಮು 1950ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಮೇಲೆ ರಬ್ಬರ್ ನೊರೆ ಹಿಂದೆ ಸರಿಯಿತು. ಇಂದು ಬಹುತೇಕ ಎಲ್ಲ ಬೈಕುಗಳ ಸೀಟು ಅಚ್ಚಿನಲ್ಲಿ ಉಬ್ಬಿಸಿದ ಪಾಲಿಯುರೇಥೇನ್. ಅಡಿಗೆ ಗಟ್ಟಿ ಪ್ಲಾಸ್ಟಿಕ್ ತಟ್ಟೆ, ಮೇಲೆ ರೆಕ್ಸಿನ್, ಅಂಚಿಗೆ ಸ್ಟೇಪಲ್ ಪಿನ್ನು.

ಕುಶನ್ ಅಂಗಡಿಯಲ್ಲಿ ಕೇಳಿಬರುವ 'ಡೆನ್ಸಿಟಿ 40', 'ಡೆನ್ಸಿಟಿ 50' ಎಂಬ ಮಾತಿನಲ್ಲಿ ಒಂದು ಗೊಂದಲವಿದೆ. ಸಂಖ್ಯೆ ಹೇಳುವುದು ಒಂದು ಘನಮೀಟರ್ ಫೋಮಿನ ತೂಕ ಎಷ್ಟು ಕಿಲೋ ಎಂದು ಮಾತ್ರ. ಅಷ್ಟೇ ನೀರು ಸಾವಿರ ಕಿಲೋ ತೂಗುತ್ತದೆ. ತೂಕ ಹೆಚ್ಚಿದ್ದರೆ ಗೂಡಿನ ಗೋಡೆಯಲ್ಲಿ ಮಾಲು ಹೆಚ್ಚು, ಆದ್ದರಿಂದ ಬಾಳಿಕೆ ಹೆಚ್ಚು. ಗಟ್ಟಿತನ ಬೇರೆಯೇ ಗುಣ. ಒಂದೇ ಸಾಂದ್ರತೆಯಲ್ಲಿ ಮೆದು ಫೋಮನ್ನೂ ಗಟ್ಟಿ ಫೋಮನ್ನೂ ಮಾಡಬಹುದು. ಎರಡನ್ನೂ ಬೇರೆಬೇರೆಯಾಗಿ ಕೇಳಬೇಕು, ಒಂದು ಸಂಖ್ಯೆಯಿಂದ ಇನ್ನೊಂದನ್ನು ಊಹಿಸಬಾರದು. ಫೋಮಿನ ಚೂರುಗಳನ್ನು ಅಂಟುಹಾಕಿ ಒತ್ತಿ ಮಾಡಿದ ಬಣ್ಣಬಣ್ಣದ ರೀಬಾಂಡ್ ಹಲಗೆ ತುಂಬ ಗಟ್ಟಿ. ತಳದಲ್ಲಿ ತೆಳ್ಳಗೆ ಹಾಕಲು ಸರಿ, ಮೇಲೆ ಅದೊಂದೇ ಇದ್ದರೆ ಬೆಂಚೇ ವಾಸಿ.

ಆಕಾರ ಮತ್ತು ಇಳಿಜಾರು

ಫೋಮು ಎಷ್ಟೇ ಹದವಾಗಿರಲಿ, ಎಲುಬಿನ ಕೆಳಗೆ ಸೀಟೇ ಇಲ್ಲದಿದ್ದರೆ ಏನೂ ಮಾಡಲಾಗದು. ಟ್ಯಾಂಕಿನ ಬಳಿ ಸೀಟು ಕಿರಿದಾಗಿರುವುದು ಕಾಲು ನೆಲಕ್ಕೆ ಎಟುಕಲೆಂದು. ಹಿಂಭಾಗ ಕೂರೆಲುಬುಗಳ ಅಂತರಕ್ಕಿಂತ ಸಾಕಷ್ಟು ಅಗಲವೂ ಚಪ್ಪಟೆಯೂ ಆಗಿರಬೇಕು. ಕುದುರೆಯ ಬೆನ್ನಿನಂತೆ ಎರಡೂ ಬದಿಗೆ ಇಳಿಯುವ ಸೀಟಿನಲ್ಲಿ ಎಲುಬುಗಳು ಇಳಿಜಾರಿನಲ್ಲಿ ಜೋಲುತ್ತವೆ, ಭಾರ ನಡುವಿನ ಮೆದು ಭಾಗಕ್ಕೆ ವರ್ಗವಾಗುತ್ತದೆ. ಸ್ವಂತ ಅಂತರ ತಿಳಿಯಲು ದುಬಾರಿ ಸಾಧನ ಬೇಡ. ಜಗಲಿಯ ಗಟ್ಟಿ ಮೆಟ್ಟಿಲ ಮೇಲೆ ಪೆಟ್ಟಿಗೆಯ ಏಣುಗಳುಳ್ಳ ರಟ್ಟು ಹಾಕಿ, ಮೊಣಕಾಲು ತುಸು ಎತ್ತಿ ಐದು ನಿಮಿಷ ಕುಳಿತು ಎದ್ದರೆ ಎರಡು ಗುಳಿ ಬಿದ್ದಿರುತ್ತವೆ. ಅವುಗಳ ನಡುವಿನ ಅಂತರ ಅಳೆದರಾಯಿತು.

ಸೀಟು ಮುಂದಕ್ಕೆ ಇಳಿಜಾರಾಗಿದ್ದರೆ ಇನ್ನೊಂದು ಬಗೆಯ ನೋವು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಪ್ರತಿ ತಿರುವಿಗೂ ಬ್ರೇಕು, ಪ್ರತಿ ಬ್ರೇಕಿಗೂ ದೇಹ ಮುಂದಕ್ಕೆ. ಚರ್ಮ ರೆಕ್ಸಿನ್ನಿಗೆ ಅಂಟಿಕೊಂಡಿರುತ್ತದೆ, ಒಳಗಿನ ಎಲುಬು ಜಾರುತ್ತದೆ. ನಡುವಿನ ಕೊಬ್ಬು, ರಕ್ತನಾಳ ಎರಡೂ ಓರೆಯಾಗಿ ಎಳೆಯಲ್ಪಡುತ್ತವೆ. ನೀರಿನ ಪೈಪನ್ನು ಮೇಲಿನಿಂದ ತುಳಿಯುವುದಕ್ಕಿಂತ ಮುರಿಮಡಚಿ ನಿಲ್ಲಿಸುವುದು ಸುಲಭ. ಹಾಗೆಯೇ ಈ ಓರೆಯೆಳೆತ ಜೊತೆಗೂಡಿದಾಗ ಕಡಿಮೆ ಒತ್ತಡದಲ್ಲೇ ರಕ್ತದ ಹರಿವು ಕಟ್ಟುತ್ತದೆ. ಸವಾರರು ಜಾರದಿರಲೆಂದು ಕೈಯಿಂದ ಹ್ಯಾಂಡಲ್ ದೂಡಿಕೊಂಡೇ ಇರುವುದರಿಂದ ಭುಜ ಮತ್ತು ಮಣಿಕಟ್ಟಿಗೂ ಶಿಕ್ಷೆ. ಇಂಥ ಸೀಟಿಗೆ ಮದ್ದು ಹೊಸ ಫೋಮಲ್ಲ. ಮುಂಭಾಗ ತುಸು ಎತ್ತರಿಸಿ, ಹಿಂಭಾಗ ತುಸು ಕೆತ್ತಿ ಮಟ್ಟ ಮಾಡಿಸಿದರೆ ಅರ್ಧ ದೂರು ಮಾಯ. ಕೂರೆಲುಬಿನ ಕೆಳಗೆ ಹೊಲಿಗೆಯ ಏಣು ಬಾರದಂತೆ ನೋಡಿಕೊಳ್ಳುವುದು ಸಣ್ಣ ಸಂಗತಿ. ಒಂದು ಗಂಟೆಯ ಬಳಿಕ ಅದು ಸಣ್ಣದಲ್ಲ.

ಕಾಲು ಇಡುವ ಜಾಗವೂ ಸೀಟಿನ ಭಾಗವೇ ಎನ್ನಬೇಕು. ಕಾಲು ದೇಹದ ನೇರ ಕೆಳಗಿದ್ದರೆ ಗುಂಡಿ ಬಂದಾಗ ಅರೆ ಎದ್ದು ನಿಲ್ಲಬಹುದು. ಕಂಬಳದ ಗದ್ದೆಯಲ್ಲಿ ಹಲಗೆಯ ಮೇಲೆ ನಿಂತು ಕೋಣ ಓಡಿಸುವವರ ಮೊಣಕಾಲು ಮಾಡುವ ಕೆಲಸವನ್ನೇ ಆಗ ಸವಾರರ ಮೊಣಕಾಲು ಮಾಡುತ್ತದೆ. ಕಾಲು ಮುಂದಕ್ಕೆ ಚಾಚಿ ಕೂರುವ ಕ್ರೂಸರ್ ಬೈಕುಗಳಲ್ಲಿ ಇದು ಸಾಧ್ಯವಿಲ್ಲ. ಅಲ್ಲಿ ಪೆಟ್ಟೆಲ್ಲ ನೇರವಾಗಿ ಬಾಲಮೂಳೆಗೆ, ಬೆನ್ನಿಗೆ. ನೋಡಲು ಅತ್ಯಂತ ಆರಾಮದ ಭಂಗಿ ಕರಾವಳಿಯ ಮಳೆಗಾಲದ ರಸ್ತೆಯಲ್ಲಿ ಅತ್ಯಂತ ಅಸಹಾಯಕ ಭಂಗಿಯೂ ಹೌದು.

ಸೆಕೆಂಡಿಗೆ ಐದು ಸಲ

ತುಂಬಿದ ಕೊಡಪಾನ ಹೊತ್ತು ನಡೆಯುವಾಗ ಒಂದು ನಿರ್ದಿಷ್ಟ ಹೆಜ್ಜೆಯ ವೇಗದಲ್ಲಿ ನೀರು ತುಳುಕತೊಡಗುತ್ತದೆ. ಹೆಜ್ಜೆ ಸ್ವಲ್ಪ ಬದಲಿಸಿದರೆ ನಿಲ್ಲುತ್ತದೆ. ಕುಳಿತ ಮನುಷ್ಯನ ದೇಹವೂ ಅಂಥ ಕೊಡಪಾನ. ಅದನ್ನು ಮೇಲೆ ಕೆಳಗೆ ಕುಲುಕಿಸಿದಾಗ ಸೆಕೆಂಡಿಗೆ ಸುಮಾರು ಐದು ಸಲದ ಹತ್ತಿರ ಹೊಟ್ಟೆ, ಬೆನ್ನೆಲುಬು ಎಲ್ಲವೂ ಲಯಕ್ಕೆ ಸಿಕ್ಕಿ, ಸೀಟು ಅಲುಗಿದ್ದಕ್ಕಿಂತ ಹೆಚ್ಚು ಅಲುಗುತ್ತವೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬೈಕು ಸೆಕೆಂಡಿಗೆ ಹದಿನಾರೂವರೆ ಮೀಟರಿಗಿಂತ ಹೆಚ್ಚು ದೂರ ಹೋಗುತ್ತದೆ. ರಸ್ತೆಯ ಏರಿಳಿತ ಮೂರು ಮೀಟರಿಗೊಂದರಂತೆ ಇದ್ದರೆ ಆ ಲಯ ತಾನಾಗಿಯೇ ಸಿದ್ಧ.

ಮೆದು ದಪ್ಪ ಫೋಮಿನ ಎರಡನೆಯ ದೋಷ ಇಲ್ಲಿದೆ. ಎಂಜಿನ್ನಿನ ಸಣ್ಣ ನಡುಕವನ್ನು ಯಾವ ಫೋಮಾದರೂ ಚೆನ್ನಾಗಿ ನುಂಗುತ್ತದೆ. ಆ ನಡುಕ ಕೈಕಾಲಿಗೆ ಹ್ಯಾಂಡಲಿನಿಂದಲೂ ಫುಟ್‌ರೆಸ್ಟಿನಿಂದಲೂ ತಲಪುವುದು. ಆದರೆ ಈ ನಿಧಾನ ಕುಲುಕಾಟವನ್ನು ಮೆತ್ತೆ ನುಂಗುವುದಿಲ್ಲ, ಉಯ್ಯಾಲೆಯ ಹಾಗೆ ಹೆಚ್ಚಿಸಲೂಬಹುದು. ಅದನ್ನು ತಡೆಯಬೇಕಾದ್ದು ಹಿಂಬದಿಯ ಶಾಕ್ ಅಬ್ಸಾರ್ಬರ್. ಎಣ್ಣೆ ಸೋರಿದ ಶಾಕ್ ಅಬ್ಸಾರ್ಬರ್, ಬಿರುಸಾಗಿ ಗಾಳಿ ತುಂಬಿದ ಟಯರು ಇವನ್ನು ಹಾಗೇ ಬಿಟ್ಟು ಸೀಟಿಗೆ ಹಣ ಸುರಿಯುವವರು ಬಹಳ. ಬೆನ್ನು ನೋಯುತ್ತಿದೆಯೋ ಪಿರ್ರೆ ನೋಯುತ್ತಿದೆಯೋ ಎಂದು ಮೊದಲು ಬೇರ್ಪಡಿಸಿಕೊಂಡರೆ ತಪ್ಪು ಅಂಗಡಿಗೆ ಹೋಗುವುದು ತಪ್ಪುತ್ತದೆ.

ಹಿಂದೆ ಕುಳಿತವರ ಪಾಡು ಇದಕ್ಕಿಂತ ಕಷ್ಟ. ಸವಾರರು ಕೂರುವುದು ಎರಡು ಗಾಲಿಗಳ ನಡುವೆ, ತೂಗುಹಲಗೆಯ ಮಧ್ಯದಲ್ಲಿ ಕುಳಿತಂತೆ. ಹಿಂಬದಿಯವರು ಹಿಂಗಾಲಿಯ ನೆತ್ತಿಯಲ್ಲಿ, ಹಲಗೆಯ ತುದಿಯಲ್ಲಿ. ಸೀರೆಯುಟ್ಟು ಒಂದೇ ಬದಿಗೆ ಕಾಲಿಳಿಸಿ ಕುಳಿತರಂತೂ ಬೆನ್ನು ತಿರುಚಿಕೊಂಡು, ಭಾರ ಬಹುಪಾಲು ಒಂದೇ ಕೂರೆಲುಬಿನ ಮೇಲೆ. ಇಷ್ಟಾಗಿಯೂ ಫೋಮು ತೆಳ್ಳಗಿರುವುದು ಅವರ ಪಾಲಿಗೇ.

ಬೆವರು ಮತ್ತು ಮಳೆ

ಕರಾವಳಿಯ ಸೆಕೆಯಲ್ಲಿ ರೆಕ್ಸಿನ್ ಮುಚ್ಚಿದ ಸೀಟು ಉಸಿರಾಡುವುದಿಲ್ಲ. ಬೆವರಿನಲ್ಲಿ ನೆನೆದ ಚರ್ಮ ಮೆತ್ತಗಾಗಿ ಬಟ್ಟೆಗೆ ಅಂಟಿಕೊಳ್ಳುತ್ತದೆ, ಉಜ್ಜಿದಲ್ಲಿ ಬೇಗ ಸುಲಿಯುತ್ತದೆ. ಹಲವರು 'ಸೀಟು ಗಟ್ಟಿ' ಎಂದು ದೂರುವ ಉರಿ ಅಸಲಿಗೆ ಬೆವರಿನದು. ದಪ್ಪ ಜಾಲರಿಯ ಹೊದಿಕೆ ಹಾಕಿದರೆ ಮೈಗೂ ರೆಕ್ಸಿನ್ನಿಗೂ ನಡುವೆ ಒಂದಿಷ್ಟು ಗಾಳಿ ಹರಿಯುತ್ತದೆ. ಕಡಿಮೆ ಖರ್ಚಿನಲ್ಲಿ ಇಷ್ಟು ಪ್ರಯೋಜನ ಕೊಡುವ ಉಪಾಯ ಇನ್ನೊಂದಿಲ್ಲ. ದಪ್ಪ ಜೀನ್ಸಿನ ಒಳಹೊಲಿಗೆಯನ್ನು ತಪ್ಪಿಸಿದರೆ ಇನ್ನೂ ಲೇಸು.

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಸೀಟಿನ ಇನ್ನೊಂದು ಶತ್ರು ಹೊಲಿಗೆಯ ತೂತು. ಕುಶನ್ ಅಂಗಡಿಯ ಚೆಂದದ ಡಬಲ್ ಹೊಲಿಗೆಯಲ್ಲಿ ನೂರಾರು ತೂತುಗಳಿರುತ್ತವೆ. ಫೋಮಿನ ಗೂಡುಗಳು ಒಂದಕ್ಕೊಂದು ತೆರೆದುಕೊಂಡಿರುವುದರಿಂದ ಅದು ಸ್ಪಂಜು. ಜೂನ್ ತಿಂಗಳಲ್ಲಿ ಕುಡಿದ ನೀರು, ಬಿಸಿಲಿನಲ್ಲಿ ಮೇಲ್ಮೈ ಒಣಗಿದ ಮೇಲೂ, ಕುಳಿತ ಕೂಡಲೇ ಪ್ಯಾಂಟಿಗೆ ಬರುತ್ತದೆ. ಹೊಸ ಹೊದಿಕೆ ಹಾಕಿಸುವಾಗ ಫೋಮಿಗೂ ರೆಕ್ಸಿನ್ನಿಗೂ ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಹಾಕಲು ಹೇಳುವುದನ್ನು ಮರೆಯಬಾರದು.

ಜೆಲ್, ಗಾಳಿದಿಂಬು, ನೆನಪಿನ ಫೋಮು

ಮಾರುಕಟ್ಟೆಯ ಮೂರು ಆಕರ್ಷಣೆಗಳನ್ನು ಇದೇ ತಕ್ಕಡಿಯಲ್ಲಿ ತೂಗಬಹುದು. ನೆನಪಿನ ಫೋಮು, ಅಂದರೆ ಮೆಮೊರಿ ಫೋಮು, 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ಚಾರ್ಲ್ಸ್ ಯೋಸ್ಟ್ ವಿಮಾನದ ಸೀಟಿಗೆಂದು ರೂಪಿಸಿದ್ದು. ಒತ್ತಿದ ಆಕಾರಕ್ಕೆ ಮೆಲ್ಲಗೆ ಹೊಂದಿಕೊಳ್ಳುವುದು ಅದರ ಗುಣ, ಶಾಖಕ್ಕೆ ಮೆದುವಾಗುವುದು ಅದರ ಸ್ವಭಾವ. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಬೈಕಿನ ಮೇಲೆ ಅದು ಬೇಗ ತಳ ಮುಟ್ಟುತ್ತದೆ. ಗಟ್ಟಿ ಫೋಮಿನ ಮೇಲೆ ಒಂದೆರಡು ಸೆಂಟಿಮೀಟರಿನ ತೆಳು ಪದರವಾಗಿ ಒಪ್ಪಬಹುದು, ಒಂಟಿಯಾಗಿ ಬೇಡ. ಜೆಲ್ ಕುಗ್ಗುವುದಿಲ್ಲ, ಪಕ್ಕಕ್ಕೆ ಹರಿದು ಭಾರ ಹಂಚುತ್ತದೆ. ಆದರೆ ತೆಳ್ಳಗಿದ್ದರೆ ಹರಿಯಲು ಜಾಗವಿಲ್ಲ, ದಪ್ಪಗಿದ್ದರೆ ತೂಕ, ಬಿಸಿಲಿಗೆ ಕಾದರೆ ಕಾವಲಿ.

ಗಾಳಿದಿಂಬಿನ ತತ್ತ್ವ ಮೂರರಲ್ಲಿ ಹೆಚ್ಚು ಸಮರ್ಪಕ. ವ್ಹೀಲ್‌ಚೇರಿನಲ್ಲೇ ದಿನ ಕಳೆಯುವವರಿಗೆ ಒತ್ತುಹುಣ್ಣಾಗದಿರಲಿ ಎಂದು ಬಂದ ಉಪಾಯವಿದು. ಸಾಲುಸಾಲು ಗಾಳಿಗುಳ್ಳೆಗಳು ಒಳಗಿಂದೊಳಗೆ ಕೂಡಿಕೊಂಡಿರುತ್ತವೆ. ಎಲುಬಿನ ಕೆಳಗಿನ ಗುಳ್ಳೆ ಒತ್ತಿಕೊಂಡರೆ ಅಲ್ಲಿನ ಗಾಳಿ ಪಕ್ಕದ ಗುಳ್ಳೆಗೆ ಹೋಗಿ ತೊಡೆಯನ್ನು ಎತ್ತಿಹಿಡಿಯುತ್ತದೆ. ಎಲ್ಲರೂ ಮಾಡುವ ತಪ್ಪೆಂದರೆ ಟಯರಿನ ಹಾಗೆ ಬಿಗಿಯಾಗಿ ಊದುವುದು. ಆಗ ಸವಾರರು ಚೆಂಡಿನ ಮೇಲೆ ಕುಳಿತಂತೆ ಹೊಯ್ದಾಡುತ್ತಾರೆ. ಕುಳಿತ ಮೇಲೆ ಗಾಳಿ ಬಿಡುತ್ತ ಬಂದು, ಎಲುಬು ತಳಕ್ಕೆ ತಾಗಲು ಬೆರಳಗಲ ಉಳಿದಾಗ ನಿಲ್ಲಿಸಬೇಕು. ಬಂಟ್ವಾಳದಲ್ಲಿ ಹದಮಾಡಿದ ದಿಂಬು ಘಾಟಿ ಹತ್ತಿ ಕೊಟ್ಟಿಗೆಹಾರ ತಲಪಿದಾಗ ಹೊರಗಿನ ಗಾಳಿಯೊತ್ತಡ ಇಳಿದದ್ದರಿಂದ ತುಸು ಬಿಗಿಯಾಗುತ್ತದೆ. ಅಲ್ಲಿ ಒಮ್ಮೆ ಪುಸ್ಸೆನಿಸಬೇಕು.

ಪರೀಕ್ಷೆಯ ಕ್ರಮ

ಹೆಬ್ಬೆರಳಿನ ಪರೀಕ್ಷೆಯ ಬದಲು ಮೊಣಕಾಲಿನ ಪರೀಕ್ಷೆ ಮಾಡಬೇಕು. ಬೈಕನ್ನು ನಡುಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಇನ್ನೊಬ್ಬರು ಹಿಡಿದಿರುವಾಗ, ಸೀಟಿನ ಹಿಂಭಾಗದಲ್ಲಿ ಒಂದು ಮೊಣಕಾಲೂರಿ ದೇಹದ ಭಾರ ಬಿಡುವುದು. ಮೊಣಕಾಲಿನ ಚಿಪ್ಪು ಕೂರೆಲುಬಿಗೆ ಒಳ್ಳೆಯ ಬದಲಿ. ಅಡಿಯ ಪ್ಲಾಸ್ಟಿಕ್ ತಟ್ಟೆ ಕೂಡಲೇ ತಾಗಿದರೆ ಆ ಸೀಟು ಆ ತೂಕಕ್ಕೆ ಸಾಲದು. ಒಂದು ನಿಮಿಷ ಹಾಗೇ ಇದ್ದು ಆಮೇಲೆ ತಾಗಿದರೂ ಸಾಲದು.

ಅದರಲ್ಲಿ ತೇರ್ಗಡೆಯಾದ ಸೀಟಿಗೆ ಒಂದು ಗಂಟೆಗಿಂತ ಹೆಚ್ಚಿನ ಸವಾರಿಯ ಪರೀಕ್ಷೆ ಬೇಕು. ಮೂಡುಬಿದಿರೆ, ಗುರುವಾಯನಕೆರೆ, ಬಿ.ಸಿ.ರೋಡಿನ ಸುತ್ತು ಇದಕ್ಕೆ ಹೇಳಿ ಮಾಡಿಸಿದ್ದು: ಏರು, ಇಳಿವು, ತಿರುವು, ಉಬ್ಬು, ಹೆದ್ದಾರಿ ಎಲ್ಲವೂ ಸಿಗುತ್ತವೆ. ನೋವು ಮೊದಲು ಎಲ್ಲಿ ಶುರುವಾಯಿತು, ಎಷ್ಟನೆಯ ನಿಮಿಷದಲ್ಲಿ ಎಂಬುದನ್ನು ಗುರುತು ಹಾಕಿಕೊಂಡರೆ ಕುಶನ್ ಅಂಗಡಿಯವರಿಗೆ ಹೇಳಲು ಸುಲಭ. ಎರಡು ಬಿಂದುಗಳಲ್ಲಿ ಉರಿದರೆ ಫೋಮು ತಳ ಮುಟ್ಟುತ್ತಿದೆ. ನಡುವೆ ಜೋಮು ಹಿಡಿದರೆ ಸೀಟು ಕಿರಿದು ಅಥವಾ ತೀರಾ ಮೆದು. ತೊಡೆಯ ಒಳಬದಿ ನೋಯಿಸಿದರೆ ಮುಂಭಾಗದ ಅಂಚು ಚೂಪು, ಅದನ್ನು ಕೆತ್ತಿ ದುಂಡಗಾಗಿಸಬೇಕು. ಕೆತ್ತುವಾಗ ಒಂದೇ ಸಲ ಪೂರ್ತಿ ಕೆತ್ತಿಸದೆ, ಹೊದಿಕೆಯನ್ನು ತಾತ್ಕಾಲಿಕವಾಗಿ ಸಿಕ್ಕಿಸಿ ಒಂದು ವಾರ ಓಡಿಸಿ ನೋಡುವುದು ಜಾಣತನ. ತೆಗೆದ ಫೋಮನ್ನು ಮರಳಿ ಅಂಟಿಸಿದರೆ ಅಂಟಿನ ಪದರವೇ ಒಂದು ಗಟ್ಟಿ ಏಣಾಗುತ್ತದೆ.

ಅತ್ಯುತ್ತಮ ಸೀಟೂ ಒತ್ತಡವನ್ನು ಲೋಮನಾಳದ ಮಿತಿಯ ಕೆಳಗೆ ಎಲ್ಲ ಕಡೆಯೂ ಇಳಿಸುವುದಿಲ್ಲ. ಮೇಲಿನ 37ರ ಲೆಕ್ಕ ಭಾರ ಪೂರ್ತಿ ಸಮವಾಗಿ ಹರಡಿದರೆ ಮಾತ್ರ, ಹಾಗೆ ಹರಡುವ ಸೀಟು ಇಲ್ಲ. ಉಳಿದದ್ದನ್ನು ಹೊತ್ತು ಕಡಿದು ಸರಿದೂಗಿಸಬೇಕು. ಹತ್ತು ನಿಮಿಷಕ್ಕೊಮ್ಮೆ, ನೇರ ರಸ್ತೆಯಲ್ಲಿ, ಫುಟ್‌ರೆಸ್ಟಿನ ಮೇಲೆ ಭಾರ ಹಾಕಿ ಕೆಲವು ಸೆಕೆಂಡು ಸೊಂಟ ಎತ್ತಿದರೂ ಚಪ್ಪಟೆಯಾದ ನಾಳಗಳಿಗೆ ರಕ್ತ ನುಗ್ಗುತ್ತದೆ. ಗಂಟೆಗೊಮ್ಮೆ ಇಳಿದು ನಡೆದರೆ ಬೆನ್ನಿಗೂ ವಿರಾಮ. ಬಿ.ಸಿ.ರೋಡಿನಿಂದ ಶಿರಾಡಿ ಘಾಟಿಯ ಕಡೆ ಹೊರಟವರಿಗೆ ಕಲ್ಲಡ್ಕ ತೀರಾ ಬೇಗ ಬರುತ್ತದೆ ನಿಜ, ಆದರೆ ಹಾಲಿನ ಮೇಲೆ ಡಿಕಾಕ್ಷನ್ ತೇಲಿಸಿದ ಅಲ್ಲಿನ ಕೆ.ಟಿ. ಚಹಾಕ್ಕೆ ನಿಂತವರು ಕೂರೆಲುಬಿನ ಹೆಸರು ಹೇಳಿದರೆ ಯಾರೂ ಆಕ್ಷೇಪಿಸಲಾರರು.

ಇಷ್ಟೆಲ್ಲ ಹದಮಾಡಿದ ಸೀಟಿಗೂ ವಯಸ್ಸುಂಟು. ಗೂಡಿನ ಗೋಡೆಗಳು ಮಡಚಿ ಬಿಡಿಸಿ ಮಡಚಿ ಬಿಡಿಸಿ ದಣಿಯುತ್ತವೆ, ತೇವ ಮತ್ತು ಶಾಖ ಆ ದಣಿವನ್ನು ಬೇಗ ತರುತ್ತವೆ. ರಾತ್ರಿಯಿಡೀ ನಿಂತ ಬೈಕಿನ ಸೀಟಿನಲ್ಲಿ ಬೆಳಗ್ಗೆಯೂ ಎರಡು ತಗ್ಗು ಕಂಡರೆ, ರೆಕ್ಸಿನ್ ಅಲ್ಲಿ ಸುಕ್ಕುಗಟ್ಟಿದ್ದರೆ, ಫೋಮು ಮುಗಿದಿದೆ ಎಂದರ್ಥ. ಅದರ ಮೇಲೆ ಹೊಸ ಪದರ ಅಂಟಿಸಿದರೆ ಹಳೆಯ ತಗ್ಗು ಕೆಳಗೆ ಹಾಗೆಯೇ ಇರುತ್ತದೆ, ಕೆಲವೇ ದಿನಗಳಲ್ಲಿ ಹೊಸ ಪದರವೂ ಅದೇ ತಗ್ಗಿಗೆ ಇಳಿಯುತ್ತದೆ. ಆ ಹಂತದಲ್ಲಿ ಪ್ಲಾಸ್ಟಿಕ್ ತಟ್ಟೆಯೊಂದನ್ನು ಉಳಿಸಿಕೊಂಡು ಫೋಮನ್ನು ಪೂರ್ತಿಯಾಗಿ ಬದಲಿಸುವುದೇ ಸರಿ.